ಅಲ್ಪ ವೆಚ್ಚದಲ್ಲಿ ಪುಷ್ಟಿಕರ ಅಡಿಗೆ

ಸಂಸಾರದ ಖರ್ಚು ತಗ್ಗಿಸಬೇಕಾಗಿ ಬಂದಾಗ ಮೊದಲು ಕಡಿತವಾಗುವುದು ಅಡಿಗೆಮನೆಯ ಬಾಬ್ತು. ಅದರಲ್ಲಿಯೂ ಅಕ್ಕಿ, ರಾಗಿಗಳಿಗಿಂತ ಮೊದಲು ಕಾಳು ಮತ್ತು ಸೊಪ್ಪು ಕಡಿಮೆಯಾಗುತ್ತವೆ. ಹೊಟ್ಟೆಯೇನೋ ತುಂಬುತ್ತದೆ, ಆದರೆ ಮೈಗೆ ಬೇಕಾದ ಸಸಾರಜನಕ, ಕಬ್ಬಿಣ ಮತ್ತು ಜೀವಸತ್ವಗಳು ದೊರೆಯುವುದಿಲ್ಲ. ಇದರ ಫಲವನ್ನು ಹೆಚ್ಚಾಗಿ ಅನುಭವಿಸುವವರು ಹೆಂಗಸರು ಮತ್ತು ಮಕ್ಕಳು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 48ರಷ್ಟು ಮಂದಿಗೂ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 65ರಷ್ಟು ಮಂದಿಗೂ ರಕ್ತಹೀನತೆಯಿತ್ತು.

ಪುಷ್ಟಿಕರ ಆಹಾರವೆಂದರೆ ದುಬಾರಿ ಆಹಾರವಲ್ಲ. ರಾಗಿ, ಹುರುಳಿ, ಅವರೆ, ಅಲಸಂದೆ, ಹರಿವೆ ಸೊಪ್ಪು, ನುಗ್ಗೆ ಸೊಪ್ಪು ಇವೆಲ್ಲ ಒಣಬೇಸಾಯದ ರೈತನ ಹೊಲದಲ್ಲಿ ಮತ್ತು ಹಿತ್ತಲಿನಲ್ಲಿ ಬೆಳೆಯುವಂಥವು. ಬೆಳೆದ ಕಾಳನ್ನೆಲ್ಲ ಸುಗ್ಗಿಯಲ್ಲಿ ಮಾರಿ, ಆಷಾಢದ ಹೊತ್ತಿಗೆ ಅಂಗಡಿಯಿಂದ ಪಾವು ಪಾವಾಗಿ ಕೊಂಡು ತರಬೇಕಾದಾಗ ಕೊರತೆ ಕಾಣಿಸಿಕೊಳ್ಳುತ್ತದೆ.

ಮಾರುವ ಮುನ್ನ ಮನೆಯ ಪಾಲು

ಐದು ಮಂದಿಯ ಸಂಸಾರದಲ್ಲಿ ತಲೆಗೆ ದಿನಕ್ಕೆ ಸರಾಸರಿ 60 ಗ್ರಾಂ ಕಾಳು ಎಂದು ಹಿಡಿದರೆ ದಿನಕ್ಕೆ 300 ಗ್ರಾಂ, ವರ್ಷಕ್ಕೆ ಸುಮಾರು 110 ಕಿಲೋ ಬೇಕಾಗುತ್ತದೆ. ಕಣದಲ್ಲಿ ಕಾಳನ್ನು ಚೀಲಕ್ಕೆ ತುಂಬುವಾಗಲೇ ಈ ಪಾಲನ್ನು ಬೇರೆ ತೆಗೆದಿಡುವುದು ಒಳ್ಳೆಯದು. ಕಾಳು ಬೆಳೆಯದ ಕುಟುಂಬಗಳು ಸುಗ್ಗಿಯಲ್ಲಿ, ದರ ಇಳಿದಿರುವಾಗ, ನಾಲ್ಕೈದು ಮನೆಯವರು ಕೂಡಿ ಕೊಳ್ಳಬಹುದು.

ತೆಗೆದಿಟ್ಟ ಕಾಳನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಆರಿದ ನಂತರ ಒಂದು ಕಿಲೋ ಕಾಳಿಗೆ 5 ಮಿಲಿಲೀಟರಿನಂತೆ ಅಡಿಗೆ ಎಣ್ಣೆ ಸವರಿ, ಬಿಗಿಯಾದ ಮುಚ್ಚಳದ ಡಬ್ಬಗಳಲ್ಲಿ ತುಂಬಿಟ್ಟರೆ ಹುಳುವಿನ ಬಾಧೆ ಬಹಳ ಮಟ್ಟಿಗೆ ತಪ್ಪುತ್ತದೆ.

ಧಾನ್ಯದ ಜೊತೆ ಕಾಳು

ನೂರು ಗ್ರಾಂ ರಾಗಿಯಲ್ಲಿ 340ರಿಂದ 360 ಮಿಲಿಗ್ರಾಂ ಸುಣ್ಣದ ಅಂಶವಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಇರುವುದು 10 ಮಿಲಿಗ್ರಾಂ ಆಸುಪಾಸು. ಆದರೆ ರಾಗಿಯಲ್ಲಿ ಸಸಾರಜನಕ ಶೇಕಡ 7ರಷ್ಟು ಮಾತ್ರ. ಹುರುಳಿಯಲ್ಲಿ ಇದು ಶೇಕಡ 22ರಷ್ಟಿದೆ. ಧಾನ್ಯದ ಸಸಾರಜನಕದಲ್ಲಿರುವ ಕೊರತೆಯನ್ನು ಕಾಳು ತುಂಬುತ್ತದೆ, ಕಾಳಿನ ಕೊರತೆಯನ್ನು ಧಾನ್ಯ ತುಂಬುತ್ತದೆ. ಆದ್ದರಿಂದ ಮೂರು ನಾಲ್ಕು ಪಾಲು ಧಾನ್ಯಕ್ಕೆ ಒಂದು ಪಾಲು ಕಾಳು ಸೇರಿರಬೇಕು. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯೊಡನೆ ಹೆಸರುಕಾಳಿನ ಪಲ್ಯ, ಪುಂಡಿಪಲ್ಯ, ಶೇಂಗಾ ಚಟ್ನಿ ಉಣ್ಣುವುದೂ ಇಂಥದೇ ಉತ್ತಮ ಪದ್ಧತಿ.

ಒಂದೇ ಬೇಯುವಿಕೆಯಲ್ಲಿ ಎರಡು ಪದಾರ್ಥ

ಹಳೆ ಮೈಸೂರು ಭಾಗದ ಬಸ್ಸಾರು ಮಿತವ್ಯಯದ ಅಡಿಗೆಗೆ ಒಳ್ಳೆಯ ಉದಾಹರಣೆ. ಕಾಳು, ಸೊಪ್ಪು ಒಂದೇ ಪಾತ್ರೆಯಲ್ಲಿ ಬೇಯುತ್ತವೆ. ಬಸಿದ ಕಟ್ಟು ಸಾರಾಗುತ್ತದೆ, ಉಳಿದದ್ದು ಪಲ್ಯವಾಗುತ್ತದೆ. ನೀರಿನಲ್ಲಿ ಕರಗಿದ ಸತ್ವ ಚೆಲ್ಲಿಹೋಗುವುದಿಲ್ಲ. ಸೌದೆಯೂ ಉಳಿಯುತ್ತದೆ.

ಐದು ಮಂದಿಗೆ ಬೇಕಾಗುವ ಸಾಮಾನು: ಹುರುಳಿಕಾಳು 300 ಗ್ರಾಂ, ಹರಿವೆ ಅಥವಾ ಬೆರಕೆ ಸೊಪ್ಪು ಅರ್ಧ ಕಿಲೋ, ಈರುಳ್ಳಿ 2, ಬೆಳ್ಳುಳ್ಳಿ 1 ಗೆಡ್ಡೆ, ಒಣಮೆಣಸಿನಕಾಯಿ 6ರಿಂದ 8, ಕೊತ್ತಂಬರಿ ಬೀಜ 2 ಚಮಚ, ಸ್ವಲ್ಪ ಜೀರಿಗೆ, ಸ್ವಲ್ಪ ತೆಂಗಿನ ತುರಿ, ನಿಂಬೆ ಗಾತ್ರದ ಹುಣಸೆಹಣ್ಣು, ಎಣ್ಣೆ 2 ಚಮಚ, ಸಾಸಿವೆ, ಉಪ್ಪು.

ಮಾಡುವ ವಿಧಾನ: ಹುರುಳಿಯನ್ನು ತೊಳೆದು ಹಿಂದಿನ ರಾತ್ರಿಯೇ ನೆನೆಯಿಡಬೇಕು, ಇದರಿಂದ ಕಾಳು ಬೇಗ ಬೇಯುತ್ತದೆ. ಮರುದಿನ ಸಾರಿಗೆ ಸಾಕಾಗುವಷ್ಟು ನೀರಿನಲ್ಲಿ ಕಾಳನ್ನು ಮೆತ್ತಗೆ ಬೇಯಿಸಿ, ಹೆಚ್ಚಿದ ಸೊಪ್ಪನ್ನು ಹಾಕಿ ಐದಾರು ನಿಮಿಷ ಕುದಿಸಿ ಕಟ್ಟನ್ನು ಬಸಿದುಕೊಳ್ಳಬೇಕು. ಒಂದು ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆಗಳನ್ನು ಹುರಿದು, ತೆಂಗಿನ ತುರಿ, ಹುಣಸೆಹಣ್ಣು ಮತ್ತು ಬೆಂದ ಕಾಳು-ಸೊಪ್ಪು ಒಂದು ಹಿಡಿ ಸೇರಿಸಿ ರುಬ್ಬಬೇಕು. ಇದನ್ನು ಕಟ್ಟಿಗೆ ಬೆರೆಸಿ ಉಪ್ಪು ಹಾಕಿ ಕುದಿಸಿದರೆ ಸಾರು ಸಿದ್ಧ. ಉಳಿದ ಕಾಳು-ಸೊಪ್ಪಿಗೆ ಉಪ್ಪು ಬೆರೆಸಿ, ಸಾಸಿವೆ ಮತ್ತು ಇನ್ನೊಂದು ಈರುಳ್ಳಿಯ ಒಗ್ಗರಣೆ ಕೊಟ್ಟರೆ ಪಲ್ಯ. ಮುದ್ದೆಗೂ ಅನ್ನಕ್ಕೂ ಇವೆರಡೂ ಒಪ್ಪುತ್ತವೆ.

ಸತ್ವ ನಷ್ಟವಾಗದಂತೆ

1. ಸೊಪ್ಪನ್ನು ತೊಳೆದ ನಂತರ ಹೆಚ್ಚಬೇಕು. ಹೆಚ್ಚಿ ತೊಳೆದರೆ ಜೀವಸತ್ವ ನೀರಿನ ಪಾಲಾಗುತ್ತದೆ.

2. ಕಾಳು ಬೇಗ ಬೇಯಲೆಂದು ಅಡಿಗೆ ಸೋಡಾ ಹಾಕಬಾರದು. ಇದರಿಂದ ‘ಬಿ’ ಜೀವಸತ್ವ ನಾಶವಾಗುತ್ತದೆ.

3. ವಾರದಲ್ಲಿ ಎರಡು ಮೂರು ದಿನ ಕಾಳನ್ನು ಮೊಳಕೆ ಕಟ್ಟಿ ಬಳಸಬೇಕು. ಮೊಳಕೆಯಲ್ಲಿ ‘ಸಿ’ ಜೀವಸತ್ವ ಹೆಚ್ಚುತ್ತದೆ, ಕಬ್ಬಿಣಾಂಶವೂ ಮೈಗೆ ಹತ್ತುತ್ತದೆ.

4. ಊಟದೊಡನೆ ನಿಂಬೆಹಣ್ಣು, ನೆಲ್ಲಿಕಾಯಿ ಅಥವಾ ಸೀಬೆಹಣ್ಣು ಇದ್ದರೆ ಸೊಪ್ಪು ಕಾಳುಗಳ ಕಬ್ಬಿಣಾಂಶ ಹೆಚ್ಚು ಪ್ರಮಾಣದಲ್ಲಿ ದಕ್ಕುತ್ತದೆ. ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು.

5. ಊಟದ ಜೊತೆಗೆ ಅಥವಾ ಊಟವಾದ ಕೂಡಲೇ ಕಾಫಿ, ಟೀ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಒಂದು ಗಂಟೆಯ ಅಂತರವಿರಲಿ.

ಬಚ್ಚಲು ನೀರು ಹರಿಯುವ ಕಡೆ ಒಂದು ನುಗ್ಗೆ ಮರ, ಒಂದೆರಡು ಪರಂಗಿ ಗಿಡ ಬೆಳೆಸಬಹುದು. ಶುದ್ಧ ನೀರು ಸಿಗುವಲ್ಲಿ ಹರಿವೆಯ ಮಡಿ ಮಾಡಿದರೆ ಬಿತ್ತಿದ 25ರಿಂದ 30 ದಿನಗಳಲ್ಲಿ ಸೊಪ್ಪು ಕೊಯ್ಲಿಗೆ ಬರುತ್ತದೆ. ಹದಿನೈದು ದಿನಕ್ಕೊಮ್ಮೆ ಒಂದೊಂದು ಮಡಿ ಬಿತ್ತಿದರೆ ಸೊಪ್ಪಿಗಾಗಿ ಸಂತೆಗೆ ಹೋಗಬೇಕಾಗಿಲ್ಲ.

ಬಡಿಸುವ ಕ್ರಮ

ಅಡಿಗೆ ಎಷ್ಟೇ ಪುಷ್ಟಿಕರವಾಗಿದ್ದರೂ ಅದು ಎಲ್ಲರ ತಟ್ಟೆಗೂ ಬರಬೇಕು. ಅನೇಕ ಮನೆಗಳಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಗೃಹಿಣಿಗೆ ಪಲ್ಯ ಮುಗಿದು, ತಳದ ಸಾರು ಮಾತ್ರ ಉಳಿದಿರುತ್ತದೆ. ಹೊಲದಲ್ಲಿ ಕಳೆ ಕಿತ್ತು ಬಂದು ಒಲೆ ಹಚ್ಚುವವಳೂ ಅವಳೇ. ಗರ್ಭಿಣಿಯಾಗಿದ್ದರೆ, ಮೊಲೆಯುಣಿಸುತ್ತಿದ್ದರೆ ಅವಳಿಗೆ ಬೇಕಾದ ಆಹಾರ ಇನ್ನೂ ಹೆಚ್ಚು. ಆದುದರಿಂದ ಬಡಿಸಲು ತೊಡಗುವ ಮೊದಲೇ ಅವಳ ಪಾಲಿನ ಪಲ್ಯವನ್ನು ಬೇರೆ ಬಟ್ಟಲಿನಲ್ಲಿ ತೆಗೆದಿಡಬೇಕು. ಇದಕ್ಕೆ ಕಾಸಿನ ಖರ್ಚಿಲ್ಲ. ಸುಸ್ತು, ಏದುಸಿರು, ಬಿಳಿಚಿದ ಕಣ್ಣು ಉಗುರುಗಳು ಕಂಡುಬಂದರೆ ಆಹಾರವೊಂದನ್ನೇ ನಂಬಿ ಕೂಡದೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು.

ವಿಸ್ತರಣಾ ಕಾರ್ಯಕರ್ತರು ಇಂಥ ಅಡಿಗೆಯ ಪ್ರಾತ್ಯಕ್ಷಿಕೆಯನ್ನು ಸುಗ್ಗಿಗೆ ಮುಂಚೆಯೇ ಏರ್ಪಡಿಸಿ, ಗಂಡಸರನ್ನೂ ಕರೆಯುವುದು ಮೇಲು. ಕಾಳಿನ ಮಾರಾಟವನ್ನು ಸಾಮಾನ್ಯವಾಗಿ ನಿರ್ಧರಿಸುವವರು ಅವರೇ. ಮನೆಗೆ ವರ್ಷಕ್ಕೆ ಎಷ್ಟು ಕಾಳು ಬೇಕೆಂಬ ಲೆಕ್ಕ ಅವರಿಗೂ ತಿಳಿದಿರಬೇಕು.