ಆಕ್ಸಿಜನ್ ಇಳಿದ ಮೇಲಷ್ಟೇ ಸ್ಟೀರಾಯ್ಡ್

2021ರ ಮೇ ಕೊನೆಯ ವಾರ ಕೊಯಮತ್ತೂರು ಜಿಲ್ಲೆಯ ದಿನದ ಹೊಸ ಕೋವಿಡ್ ಪ್ರಕರಣಗಳು ನಾಲ್ಕು ಸಾವಿರ ದಾಟಿ ಚೆನ್ನೈಯನ್ನೇ ಹಿಂದಿಕ್ಕಿದ್ದವು. ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಪಿಪಿಇ ಕಿಟ್ ತೊಟ್ಟು ಸಿಂಗಾನಲ್ಲೂರಿನ ಇಎಸ್‌ಐ ಆಸ್ಪತ್ರೆಯ ವಾರ್ಡಿಗೆ ಹೋಗಿಬಂದದ್ದು ಮೇ 30ರಂದು. ಜನ ಬೆಡ್‌ಗಾಗಿ, ಆಕ್ಸಿಜನ್‌ಗಾಗಿ, ರೆಮ್‌ಡೆಸಿವಿರ್‌ಗಾಗಿ ಅಲೆಯುತ್ತಿದ್ದ ಕಾಲ ಅದು. ಆದರೆ ಕೋವಿಡ್‌ನಲ್ಲಿ ಜೀವ ಉಳಿಸುತ್ತದೆ ಎಂದು ಮೊಟ್ಟಮೊದಲು ಸಾಬೀತಾದ ಔಷಧಿ ಯಾವ ಮೆಡಿಕಲ್ ಶಾಪಿನಲ್ಲೂ ಅಗ್ಗಕ್ಕೆ ಸಿಗುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್. ಅಷ್ಟು ಸುಲಭಕ್ಕೆ ಸಿಗುವುದೇ ಅದರ ಕಷ್ಟವೂ ಹೌದು.

ಇದು ವೈರಸ್ಸನ್ನು ಕೊಲ್ಲುವ ಔಷಧಿಯಲ್ಲ. ಸೋಂಕಿನ ಮೊದಲ ವಾರ ವೈರಸ್ ಬೆಳೆಯುತ್ತದೆ, ದೇಹದ ರಕ್ಷಣಾ ವ್ಯವಸ್ಥೆ ಅದರ ಜೊತೆ ಸೆಣಸುತ್ತದೆ. ಕೆಲವರಲ್ಲಿ ಎರಡನೇ ವಾರದ ಹೊತ್ತಿಗೆ ಆ ಸೆಣಸಾಟ ಹದ ಮೀರಿ ಶ್ವಾಸಕೋಶಕ್ಕೇ ಉರಿಯೂತ ಹಬ್ಬುತ್ತದೆ, ಗಾಳಿಗೂಡುಗಳಲ್ಲಿ ನೀರು ತುಂಬುತ್ತದೆ. ಸ್ಟೀರಾಯ್ಡ್ ತಗ್ಗಿಸುವುದು ಆ ಉರಿಯೂತವನ್ನು. ಮೊದಲ ವಾರದಲ್ಲೇ ನುಂಗಿದರೆ ವೈರಸ್ ಜೊತೆ ಸೆಣಸಬೇಕಾದ ಶಕ್ತಿಯನ್ನೇ ಕಟ್ಟಿಹಾಕಿದಂತೆ.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ 'ರಿಕವರಿ' ಪ್ರಯೋಗ 2020ರ ಜೂನ್ 16ರಂದು ಫಲಿತಾಂಶ ಹೇಳಿತು. ವೆಂಟಿಲೇಟರಿನಲ್ಲಿದ್ದವರ ಪೈಕಿ ಮಾಮೂಲಿ ಚಿಕಿತ್ಸೆಯಷ್ಟೇ ಪಡೆದವರಲ್ಲಿ 28 ದಿನಗಳೊಳಗೆ ಶೇ 41.4 ಮಂದಿ ತೀರಿಕೊಂಡರೆ, ಡೆಕ್ಸಾ ಪಡೆದವರಲ್ಲಿ ಶೇ 29.3. ಬರೀ ಆಕ್ಸಿಜನ್ ಬೇಕಾದವರಲ್ಲಿ ಶೇ 26.2 ಮತ್ತು 23.3. ಆಕ್ಸಿಜನ್ನೇ ಬೇಡವಾಗಿದ್ದವರಲ್ಲಿ ಲೆಕ್ಕ ತಿರುಗಿತು: ಶೇ 14 ಮತ್ತು 17.8. ಈ ಕೊನೆಯ ಏರಿಕೆ ಆಕಸ್ಮಿಕವೂ ಇರಬಹುದು, ಲಾಭವಂತೂ ಕಾಣಲಿಲ್ಲ. ಮುಂದಿನ ಹೆಜ್ಜೆಗಳೆಲ್ಲ ನಿಂತಿರುವುದು ಈ ಮೂರನೇ ಲೆಕ್ಕದ ಮೇಲೆ.

ಮೊದಲು ಅಳೆಯಿರಿ

ಜ್ವರ ಎಷ್ಟಿದೆ ಎಂಬುದಕ್ಕಿಂತ ಆಕ್ಸಿಮೀಟರ್ ಏನು ಹೇಳುತ್ತದೆ ಎಂಬುದು ಮುಖ್ಯ. ಐದು ನಿಮಿಷ ಸುಮ್ಮನೆ ಕುಳಿತು, ಬೆಚ್ಚಗಿರುವ ಬೆರಳಿಗೆ ಹಾಕಿ, ಅಂಕಿ ನಿಲ್ಲುವವರೆಗೆ ಕಾಯಿರಿ. ತಿರುಪ್ಪೂರಿನ ಡೈಯಿಂಗ್ ಕೆಲಸದವರು, ಸಿರುಮುಗೈಯ ನೇಕಾರ ಮನೆಗಳವರು ಒಂದು ವಿಷಯ ಗಮನಿಸಬೇಕು: ಉಗುರಿಗೆ ಹತ್ತಿದ ಗಾಢ ಬಣ್ಣ, ಗೋರಂಟಿ, ನೈಲ್ ಪಾಲಿಶ್ ಎಲ್ಲವೂ ಅಂಕಿಯನ್ನು ತಪ್ಪಿಸಬಹುದು. ಬಣ್ಣವಿಲ್ಲದ ಬೆರಳು ಹುಡುಕಿ.

94 ಮತ್ತು ಅದಕ್ಕಿಂತ ಮೇಲಿದ್ದು ಉಸಿರಾಟ ಸಲೀಸಾಗಿದ್ದರೆ ಸ್ಟೀರಾಯ್ಡಿನ ಮಾತೇ ಬೇಡ. 93 ಅಥವಾ ಕೆಳಗೆ ಇಳಿದರೆ, ಇಲ್ಲವೇ ಸುಮ್ಮನಿದ್ದಾಗಲೂ ನಿಮಿಷಕ್ಕೆ 24ಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ ಆಸ್ಪತ್ರೆಗೆ ಹೋಗಿ. 90ರ ಕೆಳಗೆಂದರೆ ತೀವ್ರ ಹಂತ, 108ಕ್ಕೆ ಕರೆಮಾಡಿ. ಹಗಲೆಲ್ಲ ಚೆನ್ನಾಗಿದ್ದವರು ಬಚ್ಚಲಿಗೆ ಹೋಗಿಬರುವಷ್ಟರಲ್ಲಿ ಏದುಸಿರು ಬಿಡತೊಡಗಿದರೆ, ಕುಳಿತಾಗಿನ ಅಂಕಿ ನಂಬಿ ಬೆಳಗಿನವರೆಗೆ ಕಾಯಬೇಡಿ.

ಮೆಡಿಕಲ್ ಶಾಪಿನ 'ಸೆಟ್' ಬಿಚ್ಚಿ ನೋಡಿ

ಇತ್ತ ಕಡೆ ಜ್ವರ, ಮೈಕೈ ನೋವೆಂದರೆ ಅಂಗಡಿಗೆ ಹೋಗಿ ಒಂದು ಸೆಟ್ ಮಾತ್ರೆ ಕೇಳುವ ರೂಢಿ ಇದೆ. ನಾಲ್ಕು ಬಣ್ಣದ ಬಿಡಿ ಮಾತ್ರೆ, ಮೇಲೊಂದು ಕಾಗದ, ಹೆಸರಿಲ್ಲ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಜ್ವರ ಬಿಡುತ್ತದೆ, ಹಸಿವಾಗುತ್ತದೆ, ಎದ್ದು ಕೆಲಸಕ್ಕೂ ಹೋಗಬಹುದು. ಒಳಗೆ ಏನಾಗುತ್ತಿದೆ ಎಂಬುದು ಮಾತ್ರ ಮುಚ್ಚಿಹೋಗುತ್ತದೆ. ಚೀಟಿಯಿಲ್ಲದೆ ಸ್ಟೀರಾಯ್ಡ್ ಮಾತ್ರೆ ಮಾರುವಂತಿಲ್ಲ. ಮಾತ್ರೆಯ ಸ್ಟ್ರಿಪ್ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಏಕೆ? ಡೆಕ್ಸೋನಾ, ಮೆಡ್ರೋಲ್, ವೈಸೊಲೋನ್ ಹೆಸರು ಬೇರೆ ಬೇರೆ, ಜಾತಿ ಒಂದೇ. 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್, 32 ಮಿಲಿಗ್ರಾಂ ಮಿಥೈಲ್‌ಪ್ರೆಡ್ನಿಸೋಲೋನ್, 40 ಮಿಲಿಗ್ರಾಂ ಪ್ರೆಡ್ನಿಸೋಲೋನ್ ಹೆಚ್ಚುಕಡಿಮೆ ಸಮ. ಇಬ್ಬರು ಡಾಕ್ಟರ ಚೀಟಿಗಳಲ್ಲಿ ಎರಡು ಹೆಸರಿದ್ದರೆ ಒಂದೇ ಜಾತಿಯ ಔಷಧಿಯನ್ನು ದುಪ್ಪಟ್ಟು ನುಂಗುತ್ತಿರಬಹುದು.

ಆಸ್ಪತ್ರೆಗೆ ಸೇರಿಸುವಾಗ ಬಾಯಿಬಿಟ್ಟು ಹೇಳಿ

ಶುಗರ್ ಇದೆಯೇ, ಹಿಂದೆ ಟಿಬಿ ಬಂದಿತ್ತೇ, ಕಾಮಾಲೆ ಆಗಿತ್ತೇ, ಹೊಟ್ಟೆಹುಣ್ಣು ಇದೆಯೇ, ಈಗಾಗಲೇ ಏನೇನು ನುಂಗಿದ್ದೀರಿ ಎಲ್ಲವನ್ನೂ ಹೇಳಿ. ಬೈಯುತ್ತಾರೆಂದು ಅಂಗಡಿ ಮಾತ್ರೆಯ ಸುದ್ದಿ ಮುಚ್ಚಿಡಬೇಡಿ. ಮನೆಯ ಹಿರಿಯರು ಕನ್ನಡವಷ್ಟೇ ಸಲೀಸಾಗಿ ಆಡುವವರಾದರೆ ಈ ವಿವರಗಳನ್ನು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಒಂದು ಹಾಳೆಯಲ್ಲಿ ಬರೆದು ಫೈಲಿಗೆ ಹಾಕಿ. ಐಸಿಯು ಒಳಗೆ ನಿಮ್ಮನ್ನು ಬಿಡುವುದಿಲ್ಲ, ಹಾಳೆ ಹೋಗುತ್ತದೆ.

ವಾರ್ಡಿನಲ್ಲಿ

ಪ್ರಯೋಗದಲ್ಲಿ ಗೆದ್ದ ಪ್ರಮಾಣ ದಿನಕ್ಕೊಮ್ಮೆ 6 ಮಿಲಿಗ್ರಾಂ ಡೆಕ್ಸಾ, ಹೆಚ್ಚೆಂದರೆ 10 ದಿನ. ಅದಕ್ಕೂ ಮೊದಲೇ ಡಿಸ್ಚಾರ್ಜ್ ಆದರೆ ಅಲ್ಲಿಗೇ ನಿಲುಗಡೆ. 'ಸ್ವಲ್ಪ ಜಾಸ್ತಿ ಕೊಟ್ಟರೆ ಬೇಗ ವಾಸಿಯಾಗುವುದಿಲ್ಲವೇ' ಎಂದು ಡಾಕ್ಟರನ್ನು ಒತ್ತಾಯಿಸುವವರಿದ್ದಾರೆ. ಅದೇ ರಿಕವರಿ ತಂಡ ಮುಂದೆ ಹೆಚ್ಚಿನ ಪ್ರಮಾಣವನ್ನೂ ಪರೀಕ್ಷಿಸಿತು. ಸಾದಾ ಆಕ್ಸಿಜನ್ನಿನಲ್ಲಿದ್ದವರು ಮತ್ತು ಆಕ್ಸಿಜನ್ ಮಟ್ಟ ಇಳಿದಿದ್ದರೂ ಇನ್ನೂ ಆಕ್ಸಿಜನ್ ಹಾಕಿರದವರಲ್ಲಿ ಹೆಚ್ಚು ಪ್ರಮಾಣ ಪಡೆದವರ ಪೈಕಿ ಸತ್ತವರು ಶೇ 19, ಮಾಮೂಲಿ ಪ್ರಮಾಣದವರಲ್ಲಿ ಶೇ 12.

ಸ್ಟೀರಾಯ್ಡ್ ಶುರುವಾದೊಡನೆ ಶುಗರ್ ಏರುತ್ತದೆ. ಬೆಳಗಿನ ಖಾಲಿ ಹೊಟ್ಟೆಯ ಅಂಕಿ ಚೆನ್ನಾಗಿದೆ ಎಂದು ನೆಮ್ಮದಿಯಾಗಬೇಡಿ; ಬೆಳಿಗ್ಗೆ ಔಷಧಿ ಕೊಟ್ಟರೆ ಏರುವುದು ಮಧ್ಯಾಹ್ನದ ಊಟದ ನಂತರ, ಸಂಜೆಗೆ. ಆ ಹೊತ್ತಿನ ಅಂಕಿ ಎಷ್ಟು ಎಂದು ನರ್ಸಮ್ಮನನ್ನು ಕೇಳಿ. ಕೆಲವು ದಿನ ಇನ್ಸುಲಿನ್ ಕೊಡಬೇಕಾಗಬಹುದು, ಅದಕ್ಕೆ ಹೆದರಬೇಡಿ. ನಿದ್ದೆಗೇಡು, ಸಿಡುಕು, ಬಿಕ್ಕಳಿಕೆ ಕಾಣಿಸಿಕೊಂಡರೂ ಔಷಧಿಯದೇ ಆಟ ಇರಬಹುದು.

ಸ್ಟೀರಾಯ್ಡ್ ಕೊಟ್ಟ ಮೇಲೂ ಆಕ್ಸಿಜನ್ ಬೇಡಿಕೆ ಏರುತ್ತಲೇ ಹೋದರೆ ಟೊಸಿಲಿಜುಮ್ಯಾಬ್ ಚುಚ್ಚುಮದ್ದು ಅಥವಾ ಬಾರಿಸಿಟಿನಿಬ್ ಮಾತ್ರೆಯ ಮಾತು ಬರುತ್ತದೆ. ಇವು ಸ್ಟೀರಾಯ್ಡ್ ಜೊತೆಗೆ ಕೊಡುವಂಥವು, ಬದಲಿಗಲ್ಲ. ಬೇರೆ ಸೋಂಕು ಇಲ್ಲವೆಂದು ನೋಡಿಕೊಂಡೇ ಕೊಡಬೇಕು.

ಇನ್ನೊಂದು ಮಾತು. ಈ ಲೆಕ್ಕವೆಲ್ಲ ಕೋವಿಡ್‌ಗೆ. ಎಚ್1ಎನ್1ನಂಥ ಇನ್‌ಫ್ಲುಯೆಂಜಾ ನ್ಯುಮೋನಿಯಾಕ್ಕೆ ಸ್ಟೀರಾಯ್ಡನ್ನು ರೂಢಿಯಾಗಿ ಕೊಡುವುದಿಲ್ಲ. ಅಲ್ಲಿ ಒಸೆಲ್ಟಾಮಿವಿರ್ ಬೇಗ ಶುರುವಾಗಬೇಕು, 48 ಗಂಟೆಯೊಳಗಾದರೆ ಉತ್ತಮ. ಯಾವ ವೈರಸ್ ಎಂಬ ಪರೀಕ್ಷೆ ಬಿಡಬೇಡಿ.

ಮನೆಗೆ ಬಂದ ಮೇಲೆ

2021ರ ಮೇನಲ್ಲೇ ತಮಿಳುನಾಡು ಕಪ್ಪು ಶಿಲೀಂಧ್ರ ರೋಗವನ್ನು ಸರ್ಕಾರಕ್ಕೆ ಕಡ್ಡಾಯವಾಗಿ ತಿಳಿಸಬೇಕಾದ ಕಾಯಿಲೆ ಎಂದು ಘೋಷಿಸಬೇಕಾಯಿತು. ಹಿಡಿತ ತಪ್ಪಿದ ಶುಗರ್ ಮತ್ತು ಅಳತೆ ಮೀರಿದ ಸ್ಟೀರಾಯ್ಡ್ ಸೇರಿದಲ್ಲೇ ಅದಕ್ಕೆ ಹೆಚ್ಚು ಎಡೆ. ಡಿಸ್ಚಾರ್ಜ್ ಆಗಿ ಕೆಲವು ವಾರಗಳವರೆಗೆ ಮುಖದ ಒಂದೇ ಪಕ್ಕ ನೋವು ಅಥವಾ ಜೋಮು, ಮೂಗಿನಿಂದ ಕಪ್ಪು ಸಿಂಬಳ, ಕಣ್ಣು ಊದುವುದು, ಒಂದು ಎರಡಾಗಿ ಕಾಣುವುದು, ಹಲ್ಲು ಅಲುಗಾಡುವುದು ಇದ್ದರೆ ಅದೇ ದಿನ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಉಳಿದ ಮಾತ್ರೆಯನ್ನು ಮುಂದಿನ ಕೆಮ್ಮಿಗೆಂದು ಎತ್ತಿಡಬೇಡಿ. ಮೂರು ವಾರಕ್ಕೂ ಹೆಚ್ಚು ಸ್ಟೀರಾಯ್ಡ್ ತೆಗೆದುಕೊಂಡವರು ಮಾತ್ರ ಅದನ್ನು ತಾವಾಗಿ ದಿಢೀರನೆ ನಿಲ್ಲಿಸಬಾರದು. ಡಾಕ್ಟರ್ ಹೇಳಿದಂತೆ ಇಳಿಸುತ್ತ ಬರಬೇಕು.

ಡಿಸ್ಚಾರ್ಜ್ ಚೀಟಿಯನ್ನು ಆಧಾರ್ ಕಾರ್ಡಿನ ಜೊತೆಗೇ ಇಡಿ. ತಿಂಗಳುಗಳ ನಂತರ ತೊಡೆಸಂದಿಯಲ್ಲಿ ನೋವು ಬಂದು ನಡೆಯಲು ಕಷ್ಟವಾದರೆ ಅದೂ ಸ್ಟೀರಾಯ್ಡಿನ ಪರಿಣಾಮ ಇರಬಹುದು; ಯಾವ ಸ್ಟೀರಾಯ್ಡ್, ಎಷ್ಟು ದಿನ ಕೊಟ್ಟಿದ್ದರು ಎಂದು ಮೂಳೆ ಡಾಕ್ಟರ್ ಕೇಳುತ್ತಾರೆ.