ಮೀನಿನ ಟಾನಿಕ್ಕನ್ನು ತೊಟ್ಟಿಯ ಮೇಲಿಡಬೇಡಿ

ಬಾಬುರಾಯನಕೊಪ್ಪಲಿನಂಥ ಊರಲ್ಲಿ ಗೋಲ್ಡ್ ಫಿಶ್, ಗಪ್ಪಿ ಸಾಕುವವರಿಗೆ ಒತ್ತಿ ಹೇಳಬೇಕಾದ ಮಾತು ಒಂದೇ: ವಿಟಮಿನ್ ಡ್ರಾಪ್ಸ್ ಬಾಟಲಿಯ ಮೇಲೆ ಅಚ್ಚಾದ ಅವಧಿ ಸೀಲು ಒಡೆಯದ ಬಾಟಲಿಗೆ ಮಾತ್ರ. ಮುಚ್ಚಳ ತೆರೆದ ದಿನದಿಂದ ಲೆಕ್ಕವೇ ಬೇರೆ. ಬೇಸಿಗೆಯಲ್ಲಿ ಶ್ರೀರಂಗಪಟ್ಟಣ ಸೀಮೆಯ ಹಗಲು 35 ಡಿಗ್ರಿ ಮುಟ್ಟುತ್ತದೆ, ಶೀಟಿನ ಮನೆಯೊಳಗೆ ಇನ್ನೂ ಹೆಚ್ಚು. ಉಷ್ಣತೆ 10 ಡಿಗ್ರಿ ಏರಿದರೆ ವಿಟಮಿನ್ ಕೆಡುವಂಥ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಎರಡರಷ್ಟಾಗುತ್ತದೆ ಎಂಬ ಹಳೆಯ ಅಂದಾಜಿದೆ. ಅದರಂತೆ, 5 ಡಿಗ್ರಿಯ ಫ್ರಿಜ್ಜಿನಲ್ಲಿ ತಿಂಗಳಿಗೆ ಆಗುವ ಹಾಳು 35 ಡಿಗ್ರಿಯಲ್ಲಿ ನಾಲ್ಕೇ ದಿನಕ್ಕೆ ಆಗಿಹೋಗುತ್ತದೆ. ಬಿಸಿಲು ಬೀಳುವ ಶೋಕೇಸಿನಲ್ಲಿ ಸಾಲಾಗಿ ಜೋಡಿಸಿಟ್ಟು ಮಾರುವ ಅಂಗಡಿಯವರು ಈ ಮಾತನ್ನು ಗಿರಾಕಿಗೆ ಹೇಳುವುದೇ ಇಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ.

ಬಹುಪಾಲು ಮೀನುಗಳು ಸಿ ವಿಟಮಿನ್ನನ್ನು ಮೈಯಲ್ಲಿ ತಾವೇ ತಯಾರಿಸಿಕೊಳ್ಳಲಾರವು. ಅದು ಸಾಲದಾದರೆ ಮೂಳೆ ಮತ್ತು ಚರ್ಮಕ್ಕೆ ಬಿಗಿ ಕೊಡುವ ಕೊಲಾಜೆನ್ ಸರಿಯಾಗಿ ಕೂಡದು. ಬೆನ್ನುಮೂಳೆ ಪಕ್ಕಕ್ಕೋ ಒಳಕ್ಕೋ ಬಾಗುತ್ತದೆ, ಕಿವಿರಿನ ಮುಚ್ಚಳ ಸೊಟ್ಟಗಾಗುತ್ತದೆ, ಗಾಯ ಮಾಯುವುದಿಲ್ಲ, ಚರ್ಮದಡಿ ರಕ್ತ ಜಿನುಗುತ್ತದೆ. ಒಮ್ಮೆ ಬಾಗಿದ ಬೆನ್ನು ಆಮೇಲೆ ಎಷ್ಟು ಹನಿ ಹಾಕಿದರೂ ನೆಟ್ಟಗಾಗದು. ಒಂದೇ ಸಂತತಿಯೊಳಗೆ ಮರಿ ಮಾಡಿಸಿದರೂ, ಮೀನಿನ ಕ್ಷಯ ತಗುಲಿದರೂ ಬೆನ್ನು ಬಾಗುವುದುಂಟು, ಅದನ್ನು ಒಪ್ಪುತ್ತೇನೆ. ಆದರೆ ಆ ಎರಡು ನಮ್ಮ ಕೈ ಮೀರಬಹುದು, ಬಾಟಲಿ ಎಲ್ಲಿಡಬೇಕೆಂಬುದು ಮೀರದು. ಸಿ ವಿಟಮಿನ್ ಗಾಳಿಗೆ, ಬಿ2 ಬೆಳಕಿಗೆ ಕೆಡುತ್ತದೆ. ತೊಟ್ಟಿಯ ಮುಚ್ಚಳದ ಮೇಲೆ ಲೈಟಿನ ಕಾವೂ ಬೆಳಕೂ ಒಟ್ಟಿಗೆ ತಾಗುತ್ತವೆ. ಒಮೆಗಾ-3 ಎಣ್ಣೆಯದಂತೂ ಇನ್ನೂ ಕಷ್ಟ. ಕಮಟು ಹಿಡಿದ ಎಣ್ಣೆ ಮೀನಿನ ಪಿತ್ತಜನಕಾಂಗವನ್ನು ಕೆಡಿಸುತ್ತದೆ, ಮೈಯಲ್ಲಿರುವ ಇ ವಿಟಮಿನ್ನನ್ನೂ ಕರಗಿಸುತ್ತದೆ. ಅದನ್ನು ಕೊಡುವುದಕ್ಕಿಂತ ಏನೂ ಕೊಡದಿರುವುದೇ ಮೇಲು.

ಬಾಟಲಿಯಲ್ಲೇ ಕೆಡದಂತೆ ಔಷಧಿ ಬೆರೆಸಿರುತ್ತಾರಲ್ಲ ಎನ್ನುವವರಿದ್ದಾರೆ. ಅದು ಮುಖ್ಯವಾಗಿ ಬೂಷ್ಟು, ಬ್ಯಾಕ್ಟೀರಿಯಾ ತಡೆಯುವುದಕ್ಕೆ. ವಿಟಮಿನ್ನಿನ ಸತ್ವ ಕಾಯುವ ಕೆಲಸ ಅದರದಲ್ಲ. ಒಳ್ಳೆಯ ಹೊಸ ಕಾಳು ತಿನ್ನಿಸಿದರೆ ಡ್ರಾಪ್ಸೇ ಬೇಡ ಎನ್ನುವವರ ಮಾತು ಬಹುಮಟ್ಟಿಗೆ ನಿಜ. ಆದರೆ ಕಾಸು ಕೊಟ್ಟು ತಂದ ಮೇಲೆ ಸತ್ವ ಉಳಿಸಿಕೊಳ್ಳಲೇಬೇಕು. ಇನ್ನು ಮನೆಯ ಹಿರಿಯರು, ಫ್ರಿಜ್ಜಿನಲ್ಲಿ ಹಾಲು ಮೊಸರಿನ ಪಕ್ಕ ಮೀನಿನದ್ದು ಇಡಬೇಡ ಎಂದು ಹಟ ಹಿಡಿಯುತ್ತಾರೆ. ಬಿಗಿ ಮುಚ್ಚಳದ ಡಬ್ಬಿಯೊಳಗಿಟ್ಟರೆ ಅವರ ಆಕ್ಷೇಪವೂ ತೀರುತ್ತದೆ, ಬೆಳಕಿನ ಕಾಟವೂ ತಪ್ಪುತ್ತದೆ. ಚಿಕ್ಕ ಬಾಟಲಿಯನ್ನೇ ಕೊಳ್ಳಿ, ತೆರೆದ ತಾರೀಖು ಬರೆದಿಡಿ, ತೊಟ್ಟಿಯ ನೀರು ತಾಗಿದ ಡ್ರಾಪರನ್ನು ಮತ್ತೆ ಒಳಗೆ ಅದ್ದಬೇಡಿ. ಫ್ರೀಜರಿಗೆ ಹಾಕಿದರೆ ಎಣ್ಣೆ ನೀರು ಬೇರೆಯಾಗುತ್ತವೆ. ಫ್ರಿಜ್ಜಿನ ಬಾಗಿಲಲ್ಲಿಟ್ಟರೆ ತೆಗೆದಾಗಲೆಲ್ಲ ಬಿಸಿಯಾಗುತ್ತದೆ. ಒಳಗಿನ ತಟ್ಟೆಯೇ ಸರಿ. ಕರೆಂಟ್ ಹೋದಾಗ ಬಾಗಿಲು ತೆಗೆಯದಿದ್ದರೆ ಕೆಲವು ಗಂಟೆ ತಣ್ಣಗೇ ಇರುತ್ತದೆ.