ಹಳೆಯ ಟ್ರಕ್ಕಿನ ಪ್ಲಗ್ ಬಿಚ್ಚುವ ಮೊದಲು



ನೀನು ಕೊಂಡಿರುವುದು 2006ರ ಫೋರ್ಡ್ ಎಫ್-150, 5.4 ಲೀಟರಿನ ವಿ-8 ಎಂಜಿನ್ನು, ಮೀಟರಿನಲ್ಲಿ 1,80,000 ಮೈಲಿ. ಏರು ಹತ್ತುವಾಗ ಮಿಸ್ಸಿಂಗ್ ಹೊಡೆಯುತ್ತಿದೆ, ಈ ಶನಿವಾರ ಎಂಟು ಪ್ಲಗ್ಗು, ಎಂಟು ಕಾಯಿಲು ತಂದು ಬದಲಾಯಿಸಿಬಿಡುತ್ತೇನೆ ಅಂದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಹಾಗೆಯೇ ಅಮೆರಿಕಕ್ಕೆ ಬಂದು, ಕೈಗೆಟುಕುವ ಬೆಲೆಗೆ ಹಳೆಯ ಪಿಕಪ್ ಕೊಂಡು, ಅದರ ಕೆಲಸವನ್ನು ತಾವೇ ಕಲಿಯಬೇಕೆಂದಿರುವ ಬೇರೆ ಮಕ್ಕಳೂ ಓದಲಿ.

ಮೊದಲಿಗೆ, ಶನಿವಾರ ಸಂಜೆಯೊಳಗೆ ಮುಗಿಸಲೇಬೇಕೆಂಬ ಹಟ ಬಿಡು. ಭಾನುವಾರವನ್ನೂ ಖಾಲಿ ಇಟ್ಟುಕೋ. ಸೋಮವಾರ ಕೆಲಸಕ್ಕೆ ಹೋಗಲು ಬೇರೆ ಯಾರದಾದರೂ ಗಾಡಿಗೆ ಈಗಲೇ ಹೇಳಿಟ್ಟಿರು. ಈ ಎಂಜಿನ್ನಿಗೆ ಸಮಯ ಕೊಡಬೇಕು. ಯಾಕೆ ಅನ್ನುವುದು ಮುಂದೆ ಓದಿದರೆ ತಿಳಿಯುತ್ತದೆ.

ಕಾಯಿಲ್ ಎಂಟನ್ನೂ ಈಗಲೇ ಕೊಳ್ಳಬೇಡ. ನಿನ್ನ ಟ್ರಕ್ಕಿನಲ್ಲಿ ಡಿಸ್ಟ್ರಿಬ್ಯೂಟರ್ ಇಲ್ಲ, ಉದ್ದದ ಪ್ಲಗ್ ವೈರುಗಳೂ ಇಲ್ಲ. ಪ್ರತಿ ಪ್ಲಗ್ಗಿನ ತಲೆಯ ಮೇಲೆ ಅದರದೇ ಕಾಯಿಲ್ ಕೂತಿರುತ್ತದೆ. ಕೋಡ್ ರೀಡರ್ ಹಾಕಿ ನೋಡು. ಬಿಡಿಭಾಗದ ಅಂಗಡಿಗಳಲ್ಲಿ ಎಷ್ಟೋ ಕಡೆ ಪುಕ್ಕಟೆ ಓದಿಕೊಡುತ್ತಾರೆ. ಪಿ0304 ಎಂದು ಬಂದರೆ ನಾಲ್ಕನೆಯ ಸಿಲಿಂಡರು ಮಿಸ್ ಆಗುತ್ತಿದೆ ಎಂದರ್ಥ. ಈ ಎಂಜಿನ್ನಿನಲ್ಲಿ ಪ್ಯಾಸೆಂಜರ್ ಕಡೆಯ ಸಾಲು ಮುಂದಿನಿಂದ ಹಿಂದಕ್ಕೆ 1ರಿಂದ 4, ಡ್ರೈವರ್ ಕಡೆಯದು 5ರಿಂದ 8. ನಾಲ್ಕರ ಕಾಯಿಲನ್ನು ಬಿಚ್ಚಿ ಎರಡಕ್ಕೆ ಹಾಕು, ಎರಡರದನ್ನು ನಾಲ್ಕಕ್ಕೆ. ಮತ್ತೆ ಓಡಿಸಿದಾಗ ಕೋಡು ಪಿ0302 ಆದರೆ ಕೆಟ್ಟಿರುವುದು ಕಾಯಿಲು. ನಾಲ್ಕರಲ್ಲೇ ಉಳಿದರೆ ತಪ್ಪು ಪ್ಲಗ್ಗಿನದಿರಬಹುದು, ಇಂಜೆಕ್ಟರಿನದಿರಬಹುದು, ಕಂಪ್ರೆಷನ್ನಿನದೂ ಇರಬಹುದು. ದುಡ್ಡು ಖರ್ಚಿಲ್ಲದ ಈ ಪರೀಕ್ಷೆಯನ್ನು ಬಿಟ್ಟು ನೇರ ಅಂಗಡಿಗೆ ಓಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಈ ನಡುವೆ ಚೆಕ್ ಎಂಜಿನ್ ದೀಪ ಮಿಣುಕತೊಡಗಿದರೆ ಗಾಡಿ ಪಕ್ಕಕ್ಕೆ ಹಾಕು. ಸುಮ್ಮನೆ ಉರಿಯುವ ದೀಪ ಬೇರೆ, ಮಿಣುಕುವ ದೀಪ ಬೇರೆ. ಉರಿಯದ ಪೆಟ್ರೋಲು ಸೈಲೆನ್ಸರಿನ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತಿದೆ ಎಂಬ ಎಚ್ಚರಿಕೆ ಅದು. ಪ್ಲಗ್ಗಿನ ಖರ್ಚಿಗಿಂತ ಅದರದು ಎಷ್ಟೋ ದೊಡ್ಡದು.

ಪ್ಲಗ್ಗುಗಳನ್ನಂತೂ ಎಂಟನ್ನೂ ಬದಲಾಯಿಸಲೇಬೇಕು. ಕಂಪನಿ ಹೇಳುವ ಅವಧಿ 1 ಲಕ್ಷ ಮೈಲಿ, ಅಂದರೆ ಸುಮಾರು 1,60,000 ಕಿಲೋಮೀಟರ್. ಒಮ್ಮೆಯಾದರೂ ಬದಲಾಯಿಸಿದ ರಸೀದಿ ಹಳೆಯ ಮಾಲೀಕನ ಕಾಗದಗಳಲ್ಲಿ ಇಲ್ಲದಿದ್ದರೆ ಮೊದಲಿನವೇ ಇವೆ ಎಂದುಕೊಂಡೇ ಕೈಹಾಕು. ಪ್ಲಗ್ಗಿನ ತುದಿ ಸವೆದು ಗ್ಯಾಪ್ ಅಗಲವಾದಷ್ಟೂ ಕಿಡಿ ಹಾರಿಸಲು ಕಾಯಿಲ್ ಹೆಚ್ಚು ವೋಲ್ಟೇಜ್ ಕೊಡಬೇಕಾಗುತ್ತದೆ. ಹಾಗೆ ಹೆಣಗಿ ಕಾದು ಕಾದು ಕೊನೆಗೊಂದು ದಿನ ಸಾಯುತ್ತದೆ. ಹಳೆಯ ಪ್ಲಗ್ ಬಿಟ್ಟು ಹೊಸ ಕಾಯಿಲ್ ಹಾಕಿದರೆ ಅದಕ್ಕೂ ಇದೇ ಗತಿ.

ಊರಿನಲ್ಲಿ ಬೈಕಿನ ಪ್ಲಗ್ ಬಿಚ್ಚಿ, ಎಮರಿ ಪೇಪರಿನಲ್ಲಿ ಉಜ್ಜಿ ಮತ್ತೆ ಹಾಕಿದ ಕೈ ನಿನ್ನದು. ಇಲ್ಲಿ ಅದು ನಡೆಯದು. ಇವುಗಳ ತುದಿಗೆ ಪ್ಲಾಟಿನಂ ಇದೆ, ಉಜ್ಜಿದರೆ ಅದೇ ಹೋಗುತ್ತದೆ. ಬಿಚ್ಚುವುದೂ ಅಷ್ಟು ಸಲೀಸಲ್ಲ. 2004ರಿಂದ 2008ರವರೆಗಿನ ಈ ಸಿಲಿಂಡರಿಗೆ ಮೂರು ವಾಲ್ವಿನ ಎಂಜಿನ್ನಿನ ಪ್ಲಗ್ಗು ಎರಡು ತುಂಡು ಸೇರಿಸಿ ಮಾಡಿದ್ದು. ಥ್ರೆಡ್ಡಿನ ಕೆಳಗೆ ಉದ್ದನೆಯ ತೆಳು ಕೊಳವೆಯೊಂದು ಸಿಲಿಂಡರ್ ಹೆಡ್ಡಿನೊಳಗೆ ಇಳಿದಿರುತ್ತದೆ. ವರ್ಷಾನುಗಟ್ಟಲೆ ಅದರ ಸುತ್ತ ಕಾರ್ಬನ್ ಕಟ್ಟಿ ಹೆಡ್ಡಿಗೆ ಅಂಟಿಸಿಬಿಟ್ಟಿರುತ್ತದೆ. ರ‍್ಯಾಚೆಟ್ ಹಾಕಿ ಒಂದೇ ಸಮ ತಿರುಗಿಸಿದರೆ ಮೇಲಿನ ತುಂಡು ಕೈಗೆ ಬಂದು ಕೊಳವೆ ಒಳಗೇ ಉಳಿಯುತ್ತದೆ. ಪಾತ್ರೆಯ ತಳಕ್ಕೆ ಸೀದು ಹತ್ತಿದ ಅನ್ನದ ಹಾಗೆ ಇದು. ನೆನೆಯಲು ಬಿಡದೆ ಕೆರೆಯಬಾರದು.

ಫೋರ್ಡ್ 2008ರಲ್ಲಿ ತನ್ನ ಮೆಕ್ಯಾನಿಕ್ಕುಗಳಿಗೆ ಕೊಟ್ಟ ಸೂಚನೆ ಇದನ್ನೇ ಹೇಳುತ್ತದೆ, ಅದನ್ನು ಮೀರಬೇಡ. ಎಂಜಿನ್ ಪೂರ್ತಿ ಆರಿರಬೇಕು. ಬಿಸಿಯಿದ್ದಾಗ ಬಿಚ್ಚಿದರೆ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ಡು ಹೋಗುವ ಭಯ. ರಾತ್ರಿ ನಿಲ್ಲಿಸಿದ ಗಾಡಿಗೆ ಬೆಳಿಗ್ಗೆ ಕೈಹಾಕು. ಬ್ಯಾಟರಿಯ ನೆಗೆಟಿವ್ ಬಿಚ್ಚು, ಕಾಯಿಲ್ ತೆಗೆ, ಪ್ಲಗ್ ಕೂತಿರುವ ಕುಳಿಯೊಳಗಿನ ಮಣ್ಣನ್ನು ಗಾಳಿ ಹೊಡೆದು ಹಾರಿಸು. ಆಮೇಲೆ ಪ್ಲಗ್ಗನ್ನು ಅರೆಕಾಲು ಸುತ್ತು, ಹೆಚ್ಚೆಂದರೆ ಕಾಲು ಸುತ್ತು ಮಾತ್ರ, ಸಡಿಲಿಸು. ಕುಳಿಗೆ ಒಂದು ಟೀ ಚಮಚ ಮೀರದಂತೆ ಕಾರ್ಬ್ಯುರೇಟರ್ ಕ್ಲೀನರ್ ಬಿಡು. ಕಡಿಮೆಯೆಂದರೆ 15 ನಿಮಿಷ ಕಾಯಬೇಕು. ನನ್ನ ಮಾತು ಕೇಳುವುದಾದರೆ ಗಂಟೆಗಟ್ಟಲೆ ಬಿಡು. ಆ ದ್ರವ ಬೆಂಕಿ ಹತ್ತುವಂಥದ್ದು, ಕಣ್ಣಿಗೆ ಕನ್ನಡಕವಿರಲಿ. ನಂತರ ಸ್ವಲ್ಪ ಬಿಗಿ, ಸ್ವಲ್ಪ ಸಡಿಲಿಸು, ಮತ್ತೆ ಬಿಗಿ. ಕೀರಲು ಸದ್ದು ಬರುತ್ತದೆ, ಹೆದರಬೇಡ. ತೀರಾ ಗಟ್ಟಿಯಾದರೆ ಇನ್ನಷ್ಟು ದ್ರವ ಬಿಟ್ಟು ಊಟ ಮಾಡಿಕೊಂಡು ಬಾ. ನಾಲ್ಕನೆಯದು ಎಂಜಿನ್ ಹಿಂದಿನ ಗೋಡೆಗೆ ಹತ್ತಿಕೊಂಡಿದೆ, ಕೈ ಹೋಗುವುದೇ ಕಷ್ಟ. ಅದನ್ನು ದಣಿದಾಗ ಮುಟ್ಟಬೇಡ.

ಇಷ್ಟಾದರೂ ಒಂದು ಮುರಿಯಬಹುದು. ಮುರಿದರೆ ಇಕ್ಕಳ, ಡ್ರಿಲ್ ಏನನ್ನೂ ತೂರಿಸಬೇಡ, ಎಂಜಿನ್ ಸ್ಟಾರ್ಟ್ ಮಾಡಬೇಡ. ಒಳಗುಳಿದ ಕೊಳವೆಯನ್ನು ಹಿಡಿದೆಳೆಯಲೆಂದೇ ಲೈಲ್ ಕಂಪನಿಯ ಒಂದು ಸಾಧನವಿದೆ, ನಂಬರು 65600. ಶುಕ್ರವಾರವೇ ಅದನ್ನು ಎಲ್ಲಿಂದಲಾದರೂ ಹೊಂದಿಸಿಟ್ಟುಕೋ.

ಹೊಸದನ್ನು ಹಾಕುವುದು ಸುಲಭ. ಆದಷ್ಟೂ ಒಂದೇ ತುಂಡಿನ ಪ್ಲಗ್ ಸಿಗುತ್ತದೋ ನೋಡು, ಚಾಂಪಿಯನ್ನಿನವರು ಇದೇ ಎಂಜಿನ್ನಿಗೆ ಮಾಡಿದ್ದಾರೆ. ಕೆಳಗಿನ ಕೊಳವೆಯ ಹೊರಮೈಗೆ ಮಾತ್ರ ನಿಕಲ್ ಆಂಟಿ-ಸೀಜ್ ತೆಳುವಾಗಿ ಸವರು. ಥ್ರೆಡ್ಡಿಗೂ ಬೇಡ, ತುದಿಗೂ ಬೇಡ. ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಟಾರ್ಕ್ ರೆಂಚಿನಲ್ಲಿ 34 ನ್ಯೂಟನ್ ಮೀಟರಿಗೆ ಬಿಗಿ. ಕಾಯಿಲಿನ ರಬ್ಬರ್ ಬೂಟ್ ಬಿರುಕು ಬಿಟ್ಟಿದ್ದರೆ ಬದಲಾಯಿಸಿ, ಒಳಗೆ ಚೂರು ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚು.

ಇನ್ನೊಂದು ಮಾತು. ಎಂಜಿನ್ ಬಿಸಿಯಾಗಿ ಐಡಲಿನಲ್ಲಿ ನಿಂತಾಗ ಡೀಸೆಲ್ ಗಾಡಿಯ ಹಾಗೆ ಟಕಟಕ ಎನ್ನುತ್ತಿದೆಯೇ, ಕಿವಿಗೊಟ್ಟು ಕೇಳು. ಅದು ಈ ಎಂಜಿನ್ನಿನ ಕ್ಯಾಮ್ ಫೇಸರುಗಳದ್ದೋ ಟೈಮಿಂಗ್ ಚೈನಿನದ್ದೋ ರೋಗವಾಗಿರಬಹುದು. ಎಷ್ಟು ಪ್ಲಗ್ ಹಾಕಿದರೂ ಅದು ವಾಸಿಯಾಗುವುದಿಲ್ಲ. ಹಾಗಿದ್ದರೆ ಕಾಯಿಲಿಗೆಂದು ಎತ್ತಿಟ್ಟ ದುಡ್ಡನ್ನು ಮುಟ್ಟಬೇಡ.

ತೆಗೆದ ಪ್ಲಗ್ಗುಗಳನ್ನು ಎಸೆಯದೆ 1ರಿಂದ 8ರವರೆಗೆ ಸಾಲಾಗಿಟ್ಟು ಫೋಟೊ ಕಳಿಸು. ತುದಿ ತೆಳು ಕಂದು ಬಣ್ಣಕ್ಕಿದ್ದರೆ ಒಳ್ಳೆಯದು. ಎಣ್ಣೆ ಹತ್ತಿ ಕಪ್ಪಾಗಿದ್ದರೆ ಆ ಸಿಲಿಂಡರಿಗೆ ಎಣ್ಣೆ ಇಳಿಯುತ್ತಿದೆ. ಒಂದೇ ಒಂದು ಮಾತ್ರ ತೊಳೆದಷ್ಟು ಬೆಳ್ಳಗಿದ್ದರೆ ಕೂಲೆಂಟ್ ಸೋರಿಕೆಯ ಅನುಮಾನ. ಅವನ್ನು ನೋಡಿದ ಮೇಲೆ ಈ ಟ್ರಕ್ಕಿಗೆ ಇನ್ನೆಷ್ಟು ದುಡ್ಡು ಹಾಕುವುದು ಎಂದು ಇಬ್ಬರೂ ಮಾತಾಡೋಣ.

ಇಂತಿ,
ನಿನ್ನ ದೊಡ್ಡಪ್ಪ